ನೂರ ಹದಿನೇಳನೆಯ ಸಾಲು

ಹುಡುಗ ಮತ್ತೆ ಬಂದಿದ್ದಾನೆ. ಮೂರನೆಯ ಸಲ.
ಉಚ್ಚೆಯಲ್ಲಿ ಮತ್ತೆ ಕೆಂಪು.
ಮಾತ್ರೆ ಕೊಟ್ಟಾಗಿದೆ, ಅಳೆದೇ ಕೊಟ್ಟದ್ದು,
ಗೋಡೆಯ ಅಳತೆಗೋಲಿಗೆ ಅವನ ತಲೆ ಹಚ್ಚಿ.
ಒಳಗಿನ ಹುಳು ಸತ್ತದ್ದೂ ಹೌದು.
ಸರೋವರದ ಬಸವನಹುಳು ಸಾಯಬೇಕಲ್ಲ.
"ಯಾವ ದಡದಲ್ಲಿ ಈಜುತ್ತೀಯೋ?"
"ಎಲ್ಲ ದಡದಲ್ಲೂ."

ಚಿಲುಂಬಾದಲ್ಲಿ ರಾತ್ರಿ ಕರೆಂಟು ಹೋದ ಮೇಲೆ
ಲುಸುಂಗು ಮ್ವೆನಿಫುಂಬೊ ಫೋನು ಹಿಡಿದು ಕೂತಳು.
ಅಟ್ಟಣೆಯ ಮೇಲೆ ಒಣಗುತ್ತಿರುವ ಉಸಿಪಾ ಮೀನಿನ ವಾಸನೆ
ಕಿಟಕಿಯಿಂದ ಒಳಗೆ ಬಂದು
ಮೇಜಿನ ಮೇಲೇ ಕೂತಿತ್ತು.

ಸಿಕ್ಕಿತು. ಇದೇ ನೀರು, ಇದೇ ಊರು,
ಬಸವನಹುಳು ಎಲ್ಲೆಲ್ಲಿ ಎಂಬ ನಕ್ಷೆ ಸಮೇತ.
ಶೀರ್ಷಿಕೆ ಓದಬಹುದು, ಸಾರಾಂಶ ಓದಬಹುದು,
ಆಮೇಲೊಂದು ಬೀಗ:
ಮೂವತ್ತೊಂಬತ್ತು ಡಾಲರು, ಇಪ್ಪತ್ತನಾಲ್ಕು ಗಂಟೆಗೆ.
ಸಾರಾಂಶ ಪುಕ್ಕಟೆ, ಸಾರಕ್ಕೆ ದುಡ್ಡು.
ಅವಳ ಒಂದು ವಾರದ ಸಂಬಳ
ಒಂದು ಹಗಲು, ಒಂದು ರಾತ್ರಿ ಓದಿದರೆ ಮುಗಿಯುತ್ತಿತ್ತು.

ಅವಳಿಗೆ ನೆನಪಿದೆ ಆ ವರ್ಷ.
ಬಿಳಿ ಜೀಪು ಬಂದಿತ್ತು ಶಾಲೆಗೆ.
ಒಬ್ಬೊಬ್ಬರಿಗೂ ಒಂದು ಪ್ಲಾಸ್ಟಿಕ್ ಲೋಟ,
ತುಂಬಿ ತಂದವರಿಗೆ ಒಂದು ಸೋಪು.
ಅಂಗೈ ಹಿಂದೆ ನೀಲಿ ಶಾಯಿಯಲ್ಲಿ ನೂರ ಹದಿನೇಳು.
ಅಮ್ಮ ಆ ಸೋಪಿನಲ್ಲೇ ಉಜ್ಜಿದರೂ
ಎರಡು ದಿನ ಹೋಗಿರಲಿಲ್ಲ.

ನಮ್ಮ ಗಾದೆಯ ಪೂಜಾರಿ ಅಲ್ಲಿಗೂ ಹೋಗಿದ್ದಾನೆ.
ದೇವರು ಕೊಟ್ಟರೂ ತಾನು ಕೊಡ.
ಬರೆದವಳಿಗೆ ಅವನು ಕಾಸು ಕೊಟ್ಟಿಲ್ಲ,
ತಪ್ಪು ತೋರಿಸಿದ ಪಂಡಿತರಿಗೂ ಇಲ್ಲ,
ಲೋಟ ತುಂಬಿದವರ ಮಾತು ಬಿಡಿ.
ಗರ್ಭಗುಡಿಯ ಬೀಗದ ಕೈ ಮಾತ್ರ ಅವನ ಸೊಂಟದಲ್ಲಿ.

ಮ್ಝುಝುವಿನ ಲೈಬ್ರರಿಯ ಮುದುಕ ಚಿಸಂಬಿಗೆ
ಬೆಳಿಗ್ಗೆ ಫೋನು ಮಾಡಿದಳು. ಅವನು ನಕ್ಕ.
"ಮುಂಬಾಗಿಲು ಯಾಕೆ ತಟ್ಟುತ್ತೀ ಮಗಳೇ?
ಬರೆದವಳ ಮನೆ ಹಿತ್ತಿಲಿಗೆ ಹೋಗು.
ಅಚ್ಚಿನ ಅಂಗಡಿಯವರು ಅಲಂಕರಿಸಿದ್ದು ಅವರದು,
ಒಪ್ಪಿಗೆಯಾದ ಮೂಲ ಕರಡು
ಅವಳ ವಿಶ್ವವಿದ್ಯಾಲಯದ ಕಣಜದಲ್ಲಿ ಬಿದ್ದಿರುತ್ತೆ,
ಕಳ್ಳತನವಲ್ಲ, ಕರಾರಿನಲ್ಲೇ ಇರುವ ಹಕ್ಕು.
ಕೆಲವಕ್ಕೆ ಒಂದು ವರ್ಷದ ಗಡುವು. ಇದಕ್ಕೆ ಎಂದೋ ಮುಗಿದಿರಬೇಕು."
ತಡೆದು ಅಂದ:
"ಬರೆದವರೇ ದುಡ್ಡು ತೆತ್ತು ಬಾಗಿಲು ತೆರೆದಿಟ್ಟದ್ದೂ ಉಂಟು.
ಆದರೆ ಆ ದುಡ್ಡು ನಿನ್ನ ಹತ್ತಿರ ಇರುತ್ತಾ,
ನೀನೇ ಬರೆಯುವ ದಿನ?"

ಬರ್ಗೆನ್ನಿನ ಕಣಜದಲ್ಲಿ ಇತ್ತು.
ಇಪ್ಪತ್ತಮೂರು ಪುಟ, ಸಾಲುಗಳ ನಡುವೆ ಹೊಲದಷ್ಟು ಜಾಗ,
ಅಂಚಿನಲ್ಲಿ ಸಾಲಿನ ಸಂಖ್ಯೆ, ಚಿತ್ರಗಳೆಲ್ಲ ಕೊನೆಗೆ ಒಟ್ಟಿಗೆ,
ಊರಿನ ಹೆಸರಲ್ಲಿ ಒಂದು ಅಕ್ಷರ ತಪ್ಪು.
ಬಾಚದ ತಲೆಯಲ್ಲಿ ಬಾಗಿಲು ತೆರೆದ ನೆಂಟಳ ಹಾಗೆ.

ಓದಿದಳು. ಜೊತೆಗಿಟ್ಟ ಪಟ್ಟಿಯನ್ನೂ.
ಹೆಸರುಗಳಿಲ್ಲ, ಸಂಖ್ಯೆ ಮಾತ್ರ.
ನೂರ ಹದಿನೇಳು: ಹೆಣ್ಣು, ಹನ್ನೆರಡು ವರ್ಷ,
ಹತ್ತು ಮಿಲಿಲೀಟರಿಗೆ ಅರವತ್ತನಾಲ್ಕು ಮೊಟ್ಟೆ.

ಹನ್ನೊಂದು ವರ್ಷವಾಗಿತ್ತು.
ಅವಳ ಮೈಯ ಸುದ್ದಿ
ಉತ್ತರದ ಹಿಮ ನೋಡಿ, ಅಚ್ಚಾಗಿ, ಬೀಗ ಹಾಕಿಸಿಕೊಂಡು,
ಈಗ ಅವಳಿಗೆ ಮುಟ್ಟಿತು.
ಫೋನು ಕವುಚಿಟ್ಟಳು.
ಸ್ವಲ್ಪ ಹೊತ್ತು ಮೀನಿನ ವಾಸನೆಯೊಂದೇ.

ಮಾರನೆಯ ದಿನ ಆಸ್ಪತ್ರೆಯ ಕರಿಹಲಗೆಯ ಮೇಲೆ
ಸೀಮೆಸುಣ್ಣದಲ್ಲಿ ದಡ ಎಳೆದಳು,
ಧಕ್ಕೆ ಎಳೆದಳು, ಬಟ್ಟೆ ಒಗೆಯುವ ಕಲ್ಲು,
ಬಸವನಹುಳು ಇರುವಲ್ಲೆಲ್ಲ ಒಂದೊಂದು ಗುಣಾಕಾರ.

ಕೆಮ್ಮಿಗೆ ಔಷಧಿ ಕೇಳಲು ಬಂದ ಮ್ವಾಂಗೊಂಡೆ
ಹಲಗೆಯ ಮುಂದೆ ನಿಂತೇ ಬಿಟ್ಟ.
"ಇದು ನಾನು ತೋರಿಸಿದ್ದು.
ಎತ್ತರದ ಹೆಂಗಸು, ಸುನ್ನಿವಾ ಅಂತ,
ನನ್ನ ದೋಣಿಯಲ್ಲಿ ಆರು ದಿನ.
ಕಾಗದದಲ್ಲಿ ನನ್ನ ಹೆಸರಿದೆಯಾ?"

ಕೊನೆಯ ಪುಟದ ಕೃತಜ್ಞತೆ ತೆಗೆದು
ಟುಂಬುಕದಲ್ಲಿ ಓದಿ ಹೇಳಿದಳು:
ಸಂಸ್ಥೆಗಳು, ಧನಸಹಾಯ, ಸಚಿವಾಲಯ,
ಮತ್ತು "ಸ್ಥಳೀಯ ದೋಣಿಗನೊಬ್ಬ".

ಅವನು ಏನೂ ಅನ್ನಲಿಲ್ಲ. ಹೆಬ್ಬೆರಳಿಗೆ ಉಗುಳು ಹಚ್ಚಿ
ಧಕ್ಕೆಯ ಪಕ್ಕದ ಗುಣಾಕಾರ ಒರೆಸಿದ.
"ಜೊಂಡು ಈಗ ಅಲ್ಲಿಲ್ಲ," ಅಂದ,
"ಸುಣ್ಣ ಕೊಡು ಇಲ್ಲಿ."